ಶುಲ್ಕ ಇಳಿಸಿದರೂ ಕೋರ್ಸ್ ಮುಗಿಸುವವರು ಹೆಚ್ಚುತ್ತಿಲ್ಲವೇಕೆ?

ಪ್ರಶ್ನೆ: ನಾನು ವೃತ್ತಿ ಶಿಕ್ಷಣ ನೀಡುವ ಒಂದು ಸಣ್ಣ ಕಾಲೇಜಿನ ಆಡಳಿತ ಮಂಡಳಿಯ ಸದಸ್ಯ. ಎರಡು ವರ್ಷಗಳ ಹಿಂದೆ ಬೋಧನಾ ಶುಲ್ಕವನ್ನು ಗಣನೀಯವಾಗಿ ಇಳಿಸಿದೆವು. ಅರ್ಜಿಗಳು ಹೆಚ್ಚಾದವು, ಆದರೆ ಕೋರ್ಸ್ ಮುಗಿಸಿ ಹೊರಬಂದವರ ಸಂಖ್ಯೆ ಇದ್ದಷ್ಟೇ ಇದೆ. ಈಗ ಮಂಡಳಿಯಲ್ಲಿ ಕೆಲವರು ಶುಲ್ಕವನ್ನು ಪೂರ್ತಿ ತೆಗೆದುಹಾಕೋಣ ಎನ್ನುತ್ತಾರೆ. ಇನ್ನು ಕೆಲವರು ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆಯಿರುವುದಿಲ್ಲ ಎಂದು ವಿರೋಧಿಸುತ್ತಾರೆ. ದುಡಿದು ತಿನ್ನುವವರು, ಮಕ್ಕಳಿರುವ ತಾಯಂದಿರು ನಮ್ಮ ಕಡೆ ಸುಳಿಯುವುದೇ ಅಪರೂಪ. ನಮ್ಮಲ್ಲಿ ಕಲಿತವರು ಮುಂದೆ ಪದವಿಗೂ ಹೋಗುವಂತಾಗಬೇಕು ಎಂಬುದು ನನ್ನ ಆಸೆ. ಹಣ ಸೀಮಿತ. ಎಲ್ಲಿಂದ ಆರಂಭಿಸಬೇಕು?

ಉತ್ತರ: ನೀವು ಕೊಟ್ಟಿರುವ ವಿವರದಲ್ಲೇ ಉತ್ತರದ ಮೊದಲ ಭಾಗವಿದೆ. ಶುಲ್ಕ ಇಳಿದಾಗ ಅರ್ಜಿ ಹೆಚ್ಚಿತು ಎಂದರೆ ಬಾಗಿಲಲ್ಲಿದ್ದ ಅಡ್ಡಿ ಸರಿಯಿತು. ಮುಗಿಸುವವರು ಹೆಚ್ಚಲಿಲ್ಲ ಎಂದರೆ ಒಳಗಿನ ಅಡ್ಡಿಗಳು ಹಾಗೇ ಇವೆ. ಆಡಳಿತ ಮಂಡಳಿಗಳು ಸಾಮಾನ್ಯವಾಗಿ ಬೋಧನಾ ಶುಲ್ಕವನ್ನೇ ಶಿಕ್ಷಣದ ಬೆಲೆ ಎಂದು ತಿಳಿಯುತ್ತವೆ, ಏಕೆಂದರೆ ಅವುಗಳ ಲೆಕ್ಕದ ಪುಸ್ತಕದಲ್ಲಿ ಕಾಣುವುದು ಅದೊಂದೇ. ವಿದ್ಯಾರ್ಥಿಯ ಮನೆಯ ಲೆಕ್ಕದಲ್ಲಿ ಅದು ಹಲವು ಬಾಬುಗಳಲ್ಲಿ ಒಂದು, ಎಷ್ಟೋ ಸಲ ಅತಿ ದೊಡ್ಡದೂ ಅಲ್ಲ. ಆದ್ದರಿಂದ ಪೂರ್ತಿ ಉಚಿತ ಮಾಡಬೇಕೇ ಬೇಡವೇ ಎಂಬ ವಾದವನ್ನು ಸದ್ಯಕ್ಕೆ ಬದಿಗಿಟ್ಟು, ನಿಮ್ಮಲ್ಲಿ ಸೇರಿದ ಒಬ್ಬ ವಿದ್ಯಾರ್ಥಿ ಪ್ರಮಾಣಪತ್ರ ಕೈಗೆ ಬರುವ ದಿನದವರೆಗೆ ಒಟ್ಟು ಎಷ್ಟು ತೆರಬೇಕಾಗುತ್ತದೆ ಎಂಬುದನ್ನು ಮೊದಲು ಲೆಕ್ಕ ಹಾಕಿಸಿ. ನೀವು ಈವರೆಗೆ ಇಳಿಸಿರುವುದು ಸೇರುವ ಖರ್ಚನ್ನು. ಇಳಿಯಬೇಕಾಗಿರುವುದು ಮುಗಿಸುವ ಖರ್ಚು.

ಆ ಲೆಕ್ಕವನ್ನು ವಿಭಾಗವಾರು ಮಾಡಬೇಕು. ವೆಲ್ಡಿಂಗ್ ಕಲಿಯುವವನಿಗೆ ಚರ್ಮದ ಕೈಗವಸು, ಏಪ್ರನ್, ಸೇಫ್ಟಿ ಶೂ, ಮುಖಕ್ಕೆ ಶೀಲ್ಡ್ ಬೇಕು. ಎಲೆಕ್ಟ್ರಿಷಿಯನ್ ಕೋರ್ಸಿನವನಿಗೆ ಮಲ್ಟಿಮೀಟರ್, ಟೆಸ್ಟರ್, ಕಟಿಂಗ್ ಪ್ಲೇಯರ್. ನರ್ಸಿಂಗ್ ಸಹಾಯಕಿಯರ ಕೋರ್ಸಿಗೆ ಸಮವಸ್ತ್ರ, ಆರೋಗ್ಯ ತಪಾಸಣೆ, ಲಸಿಕೆ, ಆಸ್ಪತ್ರೆಯ ತರಬೇತಿಗೆ ಹೋಗಿಬರುವ ಬಸ್ ಖರ್ಚು. ಕಂಪ್ಯೂಟರ್ ವಿಭಾಗದವರಿಗೆ ಲ್ಯಾಪ್‌ಟಾಪ್ ಮತ್ತು ಇಂಟರ್ನೆಟ್. ಇವುಗಳ ಮೇಲೆ ನೋಂದಣಿ ಶುಲ್ಕ, ಪರೀಕ್ಷಾ ಶುಲ್ಕ, ಮರುಪರೀಕ್ಷೆಯ ಶುಲ್ಕ, ತಡವಾದರೆ ದಂಡ, ರೆಕಾರ್ಡ್ ಪುಸ್ತಕ, ಜೆರಾಕ್ಸ್. ಎಲ್ಲಕ್ಕಿಂತ ದೊಡ್ಡ ಬಾಬು ಯಾವ ರಸೀದಿಯಲ್ಲೂ ಕಾಣುವುದಿಲ್ಲ: ತರಗತಿಯಲ್ಲಿ ಕುಳಿತ ಗಂಟೆಗಳಲ್ಲಿ ದುಡಿಯಬಹುದಾಗಿದ್ದ ಕೂಲಿ. ತಂದೆತಾಯಿಯ ಆಸರೆಯಲ್ಲಿರುವ ಹದಿನೆಂಟರ ಹುಡುಗನಿಗೆ ಇದು ಅಷ್ಟಾಗಿ ತಟ್ಟುವುದಿಲ್ಲ. ಮನೆ ನಡೆಸುವ ಮೂವತ್ತರ ಹೆಂಗಸು ಓದಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುವುದೇ ಇದು. ಅಂಥವರು ನಿಮ್ಮ ಕಡೆ ಸುಳಿಯುವುದಿಲ್ಲ ಎಂದು ಬರೆದಿದ್ದೀರಿ. ಅವರು ಬರದಿರುವುದು ಅನಾಸಕ್ತಿಯಿಂದ ಎಂದು ನನಗನಿಸುವುದಿಲ್ಲ. ಈ ಲೆಕ್ಕವನ್ನು ಅವರು ಮನೆಯಲ್ಲೇ ಮಾಡಿ ಮುಗಿಸಿರುತ್ತಾರೆ.

ಸಣ್ಣ ಮೊತ್ತಗಳು ಎಂಥ ಜಾಗದಲ್ಲಿ ಕುಳಿತು ದಾರಿ ಕಟ್ಟುತ್ತವೆ ಎಂಬುದನ್ನು ನಾನು ಕಲಿತದ್ದು ಒಂದು ಕಾಲೇಜಿನ ಶುಲ್ಕದ ಕೌಂಟರಿನ ಪಕ್ಕ ಅರ್ಧ ದಿನ ಸುಮ್ಮನೆ ಕುಳಿತಾಗ. ಫಿಟ್ಟರ್ ವಿಭಾಗದ ಹುಡುಗನೊಬ್ಬ ಹಾಲ್ ಟಿಕೆಟ್ ಕೇಳಲು ಬಂದ. ಬೋಧನಾ ಶುಲ್ಕದ ಎಲ್ಲ ಕಂತುಗಳೂ ಸಂದಾಯವಾಗಿದ್ದವು. ವರ್ಕ್‌ಶಾಪಿನಲ್ಲಿ ಒಂದು ಅಳತೆಯ ಉಪಕರಣ ಮುರಿದದ್ದಕ್ಕೆ ಅವನ ತಂಡದವರ ಮೇಲೆಲ್ಲ ಹಂಚಿಹಾಕಿದ್ದ ಚಿಲ್ಲರೆ ಬಾಕಿ ಅವನ ಹೆಸರಿನಲ್ಲಿ ಉಳಿದಿತ್ತು. ಗುಮಾಸ್ತರು ಒಳ್ಳೆಯವರೇ; ಆದರೆ ಬಾಕಿ ಇರುವವರೆಗೆ ಸಾಫ್ಟ್‌ವೇರ್ ಹಾಲ್ ಟಿಕೆಟ್ ಮುದ್ರಿಸುವುದಿಲ್ಲ ಎಂದು ಪರದೆಯನ್ನೇ ತಿರುಗಿಸಿ ತೋರಿಸಿದರು. ಹುಡುಗ "ನಾಳೆ ತರ್ತೀನಿ ಸರ್" ಎಂದು ಹೋದ. ಪರೀಕ್ಷೆ ನಾಡಿದ್ದು ಇತ್ತು. ಅವನು ಆ ಪರೀಕ್ಷೆಗೆ ಬರಲಿಲ್ಲವೆಂದು ನಂತರ ತಿಳಿಯಿತು. ಎರಡು ವರ್ಷ ಅವನ ಮೇಲೆ ಕಾಲೇಜು ಮಾಡಿದ್ದ ಖರ್ಚಿನ ಮುಂದೆ ಆ ಬಾಕಿ ಏನೇನೂ ಅಲ್ಲ.

ಇಂಥ ಅಡ್ಡಿಗಳನ್ನು ಒಟ್ಟಾಗಿ ತೆಗೆದರೆ ಏನಾಗುತ್ತದೆ ಎಂಬುದಕ್ಕೆ ನನಗೆ ತಿಳಿದಿರುವ ಅತ್ಯುತ್ತಮ ಸಾಕ್ಷ್ಯ ನ್ಯೂಯಾರ್ಕ್ ನಗರದ್ದು. ಅಲ್ಲಿನ ಸಿಟಿ ಯೂನಿವರ್ಸಿಟಿ ತನ್ನ ಸಮುದಾಯ ಕಾಲೇಜುಗಳಲ್ಲಿ, ಅಂದರೆ ಎರಡು ವರ್ಷದ ಕೋರ್ಸುಗಳ ಸರ್ಕಾರಿ ಕಾಲೇಜುಗಳಲ್ಲಿ, 2007ರಲ್ಲಿ ಎಎಸ್‌ಎಪಿ ಎಂಬ ಕಾರ್ಯಕ್ರಮ ಆರಂಭಿಸಿತು. ವಿದ್ಯಾರ್ಥಿವೇತನ ಕಳೆದು ಉಳಿಯುವ ಶುಲ್ಕವನ್ನು ಕಾಲೇಜೇ ಭರಿಸುವುದು, ಪಠ್ಯಪುಸ್ತಕದ ನೆರವು, ಬಸ್ಸು ಮತ್ತು ಸುರಂಗ ರೈಲಿನ ಪಾಸು, ಮತ್ತು ಮುಖ್ಯವಾಗಿ ಕಡಿಮೆ ವಿದ್ಯಾರ್ಥಿಗಳನ್ನು ನೋಡಿಕೊಳ್ಳುವ, ಪದೇಪದೇ ಭೇಟಿಯಾಗುವ ಒಬ್ಬ ಸಲಹೆಗಾರ. ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಎರಡು ಗುಂಪು ಮಾಡಿ ನಡೆಸಿದ ಅಧ್ಯಯನದಲ್ಲಿ, ಮೂರು ವರ್ಷಗಳ ಕೊನೆಗೆ ಸಾಮಾನ್ಯ ಸೌಲಭ್ಯದ ಗುಂಪಿನಲ್ಲಿ ಶೇ. 22ರಷ್ಟು ಮಂದಿ ಕೋರ್ಸ್ ಮುಗಿಸಿದ್ದರೆ, ಈ ಕಾರ್ಯಕ್ರಮದಲ್ಲಿದ್ದವರಲ್ಲಿ ಶೇ. 40ರಷ್ಟು ಮಂದಿ ಮುಗಿಸಿದ್ದರು. ಓಹಾಯೊ ರಾಜ್ಯದ ಮೂರು ಕಾಲೇಜುಗಳಲ್ಲಿ ಇದನ್ನೇ ಮಾದರಿಯಾಗಿಟ್ಟುಕೊಂಡಾಗಲೂ ಮುಗಿಸುವವರ ಪ್ರಮಾಣ ಹೆಚ್ಚುಕಡಿಮೆ ಇಮ್ಮಡಿಯಾಯಿತು.

ಇದರಲ್ಲಿ ನಿಮ್ಮ ಮಂಡಳಿ ಗಮನಿಸಬೇಕಾದ ಅಂಶ ಖರ್ಚಿನದು. ನ್ಯೂಯಾರ್ಕಿನಲ್ಲಿ ಪ್ರತಿ ವಿದ್ಯಾರ್ಥಿಯ ಮೇಲೆ ಮಾಡಿದ ವೆಚ್ಚ ಸುಮಾರು ಶೇ. 60ರಷ್ಟು ಹೆಚ್ಚಾಯಿತು, ಆದರೆ ಮುಗಿಸಿದ ಪ್ರತಿಯೊಬ್ಬರ ಲೆಕ್ಕಕ್ಕೆ ಭಾಗಿಸಿದಾಗ ಅದು ಹಿಂದಿಗಿಂತ ಕಡಿಮೆಯೇ ಬಂತು. ಲೆಕ್ಕ ಸರಳವಾಗಿದೆ. ನೂರು ಮಂದಿಯ ಮೇಲೆ ತಲಾ 100ರಂತೆ 10,000 ಖರ್ಚಾಗಿ 22 ಮಂದಿ ಮುಗಿಸಿದರೆ ಮುಗಿಸಿದವನೊಬ್ಬನಿಗೆ ತಗುಲಿದ್ದು ಸುಮಾರು 455. ತಲಾ 160ರಂತೆ 16,000 ಖರ್ಚಾಗಿ 40 ಮಂದಿ ಮುಗಿಸಿದರೆ 400. ನಿಮ್ಮ ಆಯವ್ಯಯ ಪಟ್ಟಿಯಲ್ಲಿ ತಲಾ ವಿದ್ಯಾರ್ಥಿ ವೆಚ್ಚ ಎಂಬ ಅಂಕಣದ ಪಕ್ಕದಲ್ಲಿ ತಲಾ ಉತ್ತೀರ್ಣ ವೆಚ್ಚ ಎಂಬ ಇನ್ನೊಂದು ಅಂಕಣ ತೆರೆದರೆ, ಸಲಹೆಗಾರರ ಸಂಬಳವನ್ನು ದುಂದುವೆಚ್ಚ ಎನ್ನುವವರ ಮಾತು ತಾನಾಗಿ ತಗ್ಗುತ್ತದೆ. ಒಂದು ಎಚ್ಚರಿಕೆಯೂ ಬೇಕು: ಆ ಕಾರ್ಯಕ್ರಮ ಪೂರ್ಣಾವಧಿ ಓದುವವರಿಗೆ ಮಾತ್ರ ಇತ್ತು. ಹಗಲೆಲ್ಲ ದುಡಿಯುವವರ ಸಮಸ್ಯೆ ಅದರಿಂದ ನೀಗುವುದಿಲ್ಲ. ಅವರ ವಿಷಯಕ್ಕೆ ಮುಂದೆ ಬರುತ್ತೇನೆ.

ಈಗ ಉಚಿತದ ವಾದ. ಪುಕ್ಕಟೆಯದಕ್ಕೆ ಬೆಲೆಯಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಸಮಯ, ಕೂಲಿ, ಓಡಾಟ, ಮನೆಯವರ ಮಾತು ಇಷ್ಟನ್ನೂ ತೆತ್ತು ಬರುವವನಿಗೆ ಅದು ಪುಕ್ಕಟೆ ಎನ್ನುವುದೇ ತಪ್ಪು. ಆದರೆ ಉಚಿತ ಎಂಬ ಪದದೊಳಗೆ ಎರಡು ಬೇರೆಬೇರೆ ಏರ್ಪಾಡುಗಳಿವೆ, ಮಂಡಳಿ ಯಾವುದನ್ನು ಚರ್ಚಿಸುತ್ತಿದೆ ಎಂಬುದನ್ನು ಸ್ಪಷ್ಟಮಾಡಿಕೊಳ್ಳಬೇಕು. ಅಮೆರಿಕದ ಟೆನೆಸ್ಸಿ ರಾಜ್ಯ 2014ರಲ್ಲಿ ಕಾನೂನು ಮಾಡಿ 2015ರಿಂದ ಸಮುದಾಯ ಕಾಲೇಜು ಮತ್ತು ತಾಂತ್ರಿಕ ಕಾಲೇಜುಗಳ ಶುಲ್ಕವನ್ನು ತಾನು ಭರಿಸತೊಡಗಿತು. ಆದರೆ ಉಳಿದೆಲ್ಲ ವಿದ್ಯಾರ್ಥಿವೇತನಗಳು ಕಳೆದ ಮೇಲೆ ಬಾಕಿ ಉಳಿದದ್ದನ್ನು ಮಾತ್ರ ಕೊಡುವುದು ಅಲ್ಲಿನ ಕ್ರಮ. ಹಾಗಾಗಿ ಕಡುಬಡವರಿಗೆ, ಅವರ ಶುಲ್ಕವನ್ನು ಅಲ್ಲಿನ ಕೇಂದ್ರ ಸರ್ಕಾರದ ನೆರವು ಆಗಲೇ ತುಂಬಿರುವುದರಿಂದ, ಈ ಯೋಜನೆಯಿಂದ ಹೊಸದಾಗಿ ಹೆಚ್ಚೇನೂ ಸಿಗುವುದಿಲ್ಲ. ಹಣದ ದೊಡ್ಡ ಪಾಲು ಅವರಿಗಿಂತ ಸ್ವಲ್ಪ ಮೇಲಿನವರಿಗೆ ಹೋಗುತ್ತದೆ. ಇದಕ್ಕೆ ಬದಲಾಗಿ ನಿಮ್ಮ ನೆರವನ್ನು ಮೊದಲೇ ಕೊಟ್ಟು, ಇತರ ವಿದ್ಯಾರ್ಥಿವೇತನ ಬಂದರೆ ಅದು ಬಸ್ಸಿಗೂ ಪುಸ್ತಕಕ್ಕೂ ಉಳಿಯಲಿ ಎಂದು ಬಿಟ್ಟರೆ ಕೆಳಗಿನವರಿಗೆ ನಿಜವಾದ ಪ್ರಯೋಜನ. ಇದು ದುಬಾರಿ, ಆದ್ದರಿಂದ ಎಲ್ಲರಿಗೂ ಕೊಡಲಾಗದು, ಕೆಲವರಿಗೆ ಕೊಡಬಹುದು.

ಟೆನೆಸ್ಸಿಯ ಯೋಜನೆಯಲ್ಲಿ ನನಗೆ ಮೆಚ್ಚುಗೆಯಾದದ್ದು ಅದರ ಮಾತಿನ ಸರಳತೆ. ನಿಮಗೆ ಶುಲ್ಕವಿಲ್ಲ ಎಂಬ ಒಂದೇ ವಾಕ್ಯ. ಈ ಖಚಿತತೆಗೆ ಎಷ್ಟು ಶಕ್ತಿಯಿದೆ ಎಂಬುದನ್ನು ಮಿಶಿಗನ್ ವಿಶ್ವವಿದ್ಯಾಲಯ 2015ರಲ್ಲಿ ಆರಂಭಿಸಿದ ಒಂದು ಪ್ರಯೋಗ ತೋರಿಸಿತು. ಚೆನ್ನಾಗಿ ಓದುತ್ತಿದ್ದ ಬಡ ವಿದ್ಯಾರ್ಥಿಗಳಿಗೆ, ಪ್ರವೇಶ ಸಿಕ್ಕಿದರೆ ನಾಲ್ಕು ವರ್ಷವೂ ಬೋಧನಾ ಶುಲ್ಕವಿಲ್ಲ ಎಂಬ ಭರವಸೆಯ ಪತ್ರವನ್ನು ಮುಂಚಿತವಾಗಿಯೇ ಕಳುಹಿಸಲಾಯಿತು. ವಿಶೇಷವೆಂದರೆ, ಅವರಲ್ಲಿ ಬಹುತೇಕರಿಗೆ ಅರ್ಜಿ ಹಾಕಿದ್ದರೆ ಅಷ್ಟೇ ನೆರವು ಹೇಗಿದ್ದರೂ ಸಿಗುತ್ತಿತ್ತು. ಹೊಸದಾಗಿ ಕೊಟ್ಟದ್ದು ಖಚಿತ ಮಾತು ಮಾತ್ರ. ಪತ್ರ ಬಾರದವರಲ್ಲಿ ಶೇ. 26ರಷ್ಟು ಮಂದಿ ಅರ್ಜಿ ಹಾಕಿದರೆ, ಪತ್ರ ಬಂದವರಲ್ಲಿ ಶೇ. 68ರಷ್ಟು ಮಂದಿ ಹಾಕಿದರು. ಸೇರಿದವರ ಪ್ರಮಾಣ ಶೇ. 12ರಿಂದ 27ಕ್ಕೆ ಏರಿತು. ನಿಮ್ಮ ಪ್ರಾಸ್ಪೆಕ್ಟಸಿನಲ್ಲಿ ಅರ್ಹರಿಗೆ ನಿಯಮಾನುಸಾರ ವಿನಾಯಿತಿ ನೀಡಲಾಗುವುದು ಎಂಬ ಸಾಲು ಇದ್ದರೆ ಅದನ್ನು ತೆಗೆಸಿ. ಆ ಸಾಲನ್ನು ಓದಿದ ಬಡವ ಅದು ತನಗಲ್ಲ ಎಂದೇ ಅರ್ಥಮಾಡಿಕೊಳ್ಳುತ್ತಾನೆ. ಮೊದಲ ದಿನದಿಂದ ಪ್ರಮಾಣಪತ್ರದವರೆಗೆ ಆಗುವ ಪೂರ್ತಿ ಖರ್ಚನ್ನು, ಉಪಕರಣ ಮತ್ತು ಪರೀಕ್ಷಾ ಶುಲ್ಕ ಸೇರಿಸಿ, ಕೋರ್ಸಿಗೊಂದು ಪುಟದಂತೆ ಮುದ್ರಿಸಿ, ಯಾವುದನ್ನು ಕಾಲೇಜು ಕೊಡುತ್ತದೆ, ಯಾವುದು ನಿಮ್ಮ ಕೈಯಿಂದ, ಯಾವ ತಿಂಗಳಲ್ಲಿ ಎಂದು ಬರೆಯಿರಿ. ನಡುವೆ ಹೊಸ ಶುಲ್ಕ ಸೇರಿಸುವುದಿಲ್ಲ ಎಂಬ ಮಾತಿಗೆ ಪ್ರಾಂಶುಪಾಲರು ಸಹಿ ಹಾಕಲಿ.

ಅರ್ಜಿ ಮತ್ತು ವಿದ್ಯಾರ್ಥಿವೇತನದ ಫಾರಂಗಳ ಬಗ್ಗೆಯೂ ಇದೇ ಮಾತು. ಆದಾಯ ಪ್ರಮಾಣಪತ್ರ, ಬ್ಯಾಂಕ್ ಖಾತೆಯಲ್ಲಿ ಒಂದು ಹೆಸರು, ಅಂಕಪಟ್ಟಿಯಲ್ಲಿ ಇನ್ನೊಂದು, ಅಪ್‌ಲೋಡ್ ಆಗದ ಫೋಟೊ. ಫಾರಂ ತುಂಬಲು ಕುಳಿತವಳು ಮೂರನೆಯ ಪುಟಕ್ಕೆ ಎದ್ದುಹೋಗುತ್ತಾಳೆ. ಅಮೆರಿಕದಲ್ಲಿ ನಡೆದ ಒಂದು ಪ್ರಸಿದ್ಧ ಪ್ರಯೋಗದಲ್ಲಿ, ತೆರಿಗೆ ಲೆಕ್ಕ ಬರೆಸಲು ಬಂದ ಕುಟುಂಬಗಳಿಗೆ ಅಲ್ಲೇ ಕುಳಿತು ಕೆಲವೇ ನಿಮಿಷಗಳಲ್ಲಿ ವಿದ್ಯಾರ್ಥಿವೇತನದ ಫಾರಂ ತುಂಬಿಕೊಡಲಾಯಿತು. ಆ ಮನೆಗಳ ಮಕ್ಕಳು ಕಾಲೇಜಿಗೆ ಸೇರುವ ಪ್ರಮಾಣ 8 ಶೇಕಡಾವಾರು ಅಂಶಗಳಷ್ಟು ಹೆಚ್ಚಿತು. ಮಾಹಿತಿಯನ್ನಷ್ಟೇ ಕೊಟ್ಟು ಕಳುಹಿಸಿದ ಇನ್ನೊಂದು ಗುಂಪಿನಲ್ಲಿ ಗಮನಾರ್ಹ ಬದಲಾವಣೆ ಕಾಣಲಿಲ್ಲ. ಆದ್ದರಿಂದ ವಿದ್ಯಾರ್ಥಿವೇತನದ ಬಗ್ಗೆ ಮಾಹಿತಿ ಶಿಬಿರ ನಡೆಸಿದೆವು ಎಂದು ಸಮಾಧಾನಪಡಬೇಡಿ. ಪ್ರವೇಶದ ತಿಂಗಳಲ್ಲಿ ಸಂಜೆ ಒಂದು ಮೇಜು ಹಾಕಿ, ಸ್ಕ್ಯಾನರ್ ಇಟ್ಟು, ಫಾರಂ ಪೂರ್ತಿ ಸಲ್ಲಿಕೆಯಾಗಿ ಸ್ವೀಕೃತಿ ಸಂಖ್ಯೆ ಬರುವವರೆಗೆ ಜೊತೆಗೆ ಕೂರುವ ಒಬ್ಬರನ್ನು ನೇಮಿಸಿ.

ಹಾಲ್ ಟಿಕೆಟ್ ಸಿಗದ ಹುಡುಗನಂಥವರಿಗೆ ಬೇಕಾದದ್ದು ತುರ್ತು ನೆರವಿನ ಸಣ್ಣ ನಿಧಿ. ಅಮೆರಿಕದ ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯ 2011ರಿಂದ ಸಣ್ಣ ಬಾಕಿಗಾಗಿ ದಾಖಲಾತಿ ಕಳೆದುಕೊಳ್ಳುವ ಹಂತದಲ್ಲಿದ್ದವರನ್ನು ಗುರುತಿಸಿ ಅವರ ಖಾತೆಗೆ ನೇರವಾಗಿ ಹಣ ತುಂಬಿತು. ಸರಾಸರಿ ಮೊತ್ತ ಸುಮಾರು 900 ಡಾಲರ್. ಅರ್ಜಿ ಹಾಕಿ ಎಂದು ಹೇಳಲಿಲ್ಲ, ಲೆಕ್ಕಪತ್ರ ನೋಡಿ ತಾನೇ ಹುಡುಕಿಕೊಂಡು ಹೋಯಿತು ಎಂಬುದು ಇಲ್ಲಿ ಮುಖ್ಯ. ಕಷ್ಟದಲ್ಲಿರುವವನು ಕಷ್ಟವನ್ನು ಬರೆದು ಸಮಿತಿಯ ಮುಂದೆ ನಿಲ್ಲಬೇಕಾದ ನಿಧಿ ನಾಚಿಕೆಯಿಲ್ಲದವರಿಗೆ ಮಾತ್ರ ಸಿಗುತ್ತದೆ. ಕೊನೆಯ ವರ್ಷದವರಿಗೆ ಮೊದಲ ಆದ್ಯತೆ, ತೀರ್ಮಾನ ಎರಡು ದಿನದೊಳಗೆ, ಒಬ್ಬರೇ ಅಧಿಕಾರಿಯ ಸಹಿ, ವರ್ಷಕ್ಕೊಮ್ಮೆ ಲೆಕ್ಕ ತಪಾಸಣೆ. ಇದಕ್ಕಿಂತ ಹೆಚ್ಚಿನ ನಿಯಮ ಬೇಡ. ಇದರ ಜೊತೆಗೆ, ಉಪಕರಣಗಳನ್ನು ಗ್ರಂಥಾಲಯದ ಪುಸ್ತಕದಂತೆ ಸೆಮಿಸ್ಟರಿಗೆ ಎರವಲು ಕೊಡುವ ಒಂದು ಕಪಾಟು ಮಾಡಿದರೆ, ಪ್ರತಿಯೊಬ್ಬನೂ ಕೋರ್ಸಿನ ನಂತರ ಮುಟ್ಟದ ಮಲ್ಟಿಮೀಟರ್ ಕೊಳ್ಳುವುದು ತಪ್ಪುತ್ತದೆ. ಸಾಮಾನ್ಯ ವಿಷಯಗಳಿಗೆ ಮುಕ್ತ ಪರವಾನಗಿಯ, ಅಂದರೆ ಯಾರು ಬೇಕಾದರೂ ಬಳಸಿ ಹಂಚಬಹುದಾದ ಪಠ್ಯಗಳಿವೆ. ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಓಪನ್‌ಸ್ಟಾಕ್ಸ್ 2012ರಿಂದ ಇಂಥವನ್ನು ಉಚಿತವಾಗಿ ಕೊಡುತ್ತಿದೆ. ಅವು ಹೆಚ್ಚಾಗಿ ಇಂಗ್ಲಿಷಿನಲ್ಲಿವೆ, ಕೈಗಸುಬಿನ ವಿಷಯಗಳಿಗೆ ಹೆಚ್ಚು ನೆರವಾಗವು, ಆದರೆ ಗಣಿತಕ್ಕೂ ಭೌತಶಾಸ್ತ್ರಕ್ಕೂ ಅಧ್ಯಾಪಕರು ಅವುಗಳನ್ನು ಆಧಾರವಾಗಿಟ್ಟು ತಮ್ಮದೇ ಟಿಪ್ಪಣಿ ಮಾಡಿಕೊಳ್ಳಬಹುದು.

ದುಡಿಯುವವರ ವಿಷಯಕ್ಕೆ ಬಂದರೆ, ನಾನು ಮೊದಲು ಕೇಳುವುದು ಶುಲ್ಕದ ಪಟ್ಟಿಯನ್ನಲ್ಲ, ವೇಳಾಪಟ್ಟಿಯನ್ನು. ಸೋಮವಾರ ಒಂಬತ್ತರಿಂದ ಹನ್ನೊಂದು ಥಿಯರಿ, ಆಮೇಲೆ ಮೂರು ಗಂಟೆ ಖಾಲಿ, ಎರಡರಿಂದ ನಾಲ್ಕು ಪ್ರಾಕ್ಟಿಕಲ್; ಮಂಗಳವಾರ ಹನ್ನೊಂದಕ್ಕೆ ಆರಂಭ; ಬುಧವಾರ ಒಂದೇ ಒಂದು ತರಗತಿ. ವಾರಕ್ಕೆ ಹದಿನೆಂಟು ಗಂಟೆಯ ಪಾಠಕ್ಕೆ ವಿದ್ಯಾರ್ಥಿ ಆರು ದಿನವನ್ನೂ ಕೊಟ್ಟುಬಿಡಬೇಕು, ಅಂಗಡಿಯ ಮಾಲೀಕನಿಗೆ ಇಂಥ ಹೊತ್ತಿಗೆ ಬರುತ್ತೇನೆ ಎಂದು ಹೇಳುವ ಸ್ಥಿತಿಯೇ ಇಲ್ಲ. ಈ ವೇಳಾಪಟ್ಟಿ ಹೀಗಾಗಿರುವುದು ಯಾರ ದುರುದ್ದೇಶದಿಂದಲೂ ಅಲ್ಲ, ಅಧ್ಯಾಪಕರ ಅನುಕೂಲ ಮತ್ತು ಕೊಠಡಿಗಳ ಲಭ್ಯತೆಯ ಸುತ್ತ ಅದು ಹಾಗೆ ಬೆಳೆದಿರುತ್ತದೆ. ಅದೇ ಹದಿನೆಂಟು ಗಂಟೆಯನ್ನು ಮೂರು ಪೂರ್ತಿ ದಿನಗಳಿಗೋ, ಆರು ದಿನವೂ ಬೆಳಗಿನ ಏಳರಿಂದ ಹತ್ತಕ್ಕೋ ಜೋಡಿಸಿದರೆ, ಒಂದು ಕಾಸೂ ಖರ್ಚಿಲ್ಲದೆ ವಿದ್ಯಾರ್ಥಿಗೆ ಅರ್ಧ ವಾರದ ಕೂಲಿ ಉಳಿಯುತ್ತದೆ. ಟೆನೆಸ್ಸಿಯ ತಾಂತ್ರಿಕ ಕಾಲೇಜುಗಳಲ್ಲಿ ಬಹಳ ಕಾಲದಿಂದ ಇರುವುದು ಇಂಥದೇ ಕ್ರಮ: ಸೇರುವಾಗಲೇ ಇಡೀ ಕೋರ್ಸಿನ ವೇಳೆ ನಿಗದಿ, ಒಂದೇ ತಂಡ ಮೊದಲಿನಿಂದ ಕೊನೆಯವರೆಗೆ ಜೊತೆಯಾಗಿ ನಡೆಯುವುದು. ಯಾವ ವಿಷಯ ಯಾವಾಗ ಆರಿಸಿಕೊಳ್ಳಬೇಕು ಎಂಬ ಗೊಂದಲವಿಲ್ಲ, ಮನೆಯವರಿಗೂ ಮಾಲೀಕರಿಗೂ ವರ್ಷದ ಲೆಕ್ಕ ಮೊದಲೇ ಗೊತ್ತಿರುತ್ತದೆ.

ಹಾಗೆಯೇ ಕಚೇರಿಯ ಹೊತ್ತು. ಸಂಜೆ ತರಗತಿ ಆರಂಭಿಸಿ, ಕಚೇರಿಯನ್ನು ಮಾತ್ರ ಐದಕ್ಕೆ ಮುಚ್ಚುವ ಕಾಲೇಜುಗಳನ್ನು ನೋಡಿದ್ದೇನೆ. ಒಂದು ಬೊನಾಫೈಡ್ ಸರ್ಟಿಫಿಕೇಟಿಗಾಗಿ ಅರ್ಧ ದಿನದ ಕೂಲಿ ಬಿಟ್ಟು ಬಂದವನು ಎರಡನೆಯ ಸಲ ಬರುವುದಿಲ್ಲ. ವಾರಕ್ಕೆ ಎರಡು ಸಂಜೆ ಕಚೇರಿ, ಗ್ರಂಥಾಲಯ, ವರ್ಕ್‌ಶಾಪ್ ಮೂರೂ ತೆರೆದಿರಲಿ. ಥಿಯರಿಯ ಒಂದು ಭಾಗವನ್ನು ಮನೆಯಲ್ಲೇ ನೋಡುವಂತೆ ವಿಡಿಯೋ ಮಾಡಬಹುದು. ಲೇತ್ ಯಂತ್ರದ ಮುಂದೆ ನಿಲ್ಲಿಸದೆ ಲೇತ್ ಕಲಿಸಲಾಗದು, ಅಲ್ಲಿ ಉಳಿತಾಯ ಹುಡುಕಬೇಡಿ.

ತಾಯಂದಿರ ಬಗ್ಗೆ ಕೇಳಿದ್ದೀರಿ. ಮಗುವನ್ನು ಎಲ್ಲಿ ಬಿಡುವುದು ಎಂಬುದೇ ಅವರ ಪ್ರಶ್ನೆ, ಉಳಿದೆಲ್ಲ ಆಮೇಲಿನದು. ಸ್ವಂತ ಶಿಶುಪಾಲನಾ ಕೇಂದ್ರ ನಡೆಸುವುದು ಸಣ್ಣ ಕಾಲೇಜಿಗೆ ಭಾರವಾಗಬಹುದು, ಪಕ್ಕದ ಕೇಂದ್ರದೊಂದಿಗೆ ಒಪ್ಪಂದ ಮಾಡಿಕೊಂಡು ಖರ್ಚಿನ ಒಂದು ಪಾಲು ಕೊಡಬಹುದು. ಅದೂ ಆಗದಿದ್ದರೆ ಕನಿಷ್ಠ ತರಗತಿಗಳು ಶಾಲೆಯ ಹೊತ್ತಿನೊಳಗೆ ಮುಗಿಯುವ ಒಂದು ತಂಡವನ್ನು ರೂಪಿಸಿ, ಮತ್ತು ಮಗುವಿಗೆ ಜ್ವರ ಬಂದ ದಿನ ತಪ್ಪಿದ ಪ್ರಾಕ್ಟಿಕಲ್ಲನ್ನು ಶನಿವಾರ ಮಾಡಿಮುಗಿಸುವ ಅವಕಾಶ ಕೊಡಿ. ಹಾಜರಾತಿ ಕೊರತೆಯ ನೋಟಿಸು ಇವರಲ್ಲಿ ಎಷ್ಟು ಮಂದಿಯನ್ನು ಹೊರಗೆ ಕಳುಹಿಸಿದೆ ಎಂಬುದನ್ನು ನಿಮ್ಮ ದಾಖಲೆಗಳಲ್ಲೇ ನೋಡಬಹುದು.

ಕಲಿಯುತ್ತ ಗಳಿಸುವ ದಾರಿಯೇ ಕೂಲಿ ನಷ್ಟಕ್ಕೆ ನೇರ ಪರಿಹಾರ. ಜರ್ಮನಿಯಲ್ಲಿ ಯುವಕ ವಾರದ ಒಂದೆರಡು ದಿನ ವೃತ್ತಿ ಶಾಲೆಯಲ್ಲಿ, ಉಳಿದ ದಿನ ಉದ್ಯಮದಲ್ಲಿ ಕಲಿಯುತ್ತಾನೆ, ಉದ್ಯಮ ಅವನಿಗೆ ಭತ್ಯೆ ಕೊಡುತ್ತದೆ. 1969ರ ವೃತ್ತಿ ತರಬೇತಿ ಕಾನೂನು ಈ ವ್ಯವಸ್ಥೆಗೆ ಚೌಕಟ್ಟು ಕೊಟ್ಟಿತು, 2020ರಿಂದ ಕನಿಷ್ಠ ಭತ್ಯೆಯೂ ಕಾನೂನಾಯಿತು; ಆ ವರ್ಷ ಮೊದಲ ವರ್ಷದ ತರಬೇತಿಗೆ ಅದು ತಿಂಗಳಿಗೆ 515 ಯೂರೊ. ಭಾರತದ ಅಪ್ರೆಂಟಿಸ್ ಕಾಯಿದೆ ಇನ್ನೂ ಹಳೆಯದು, 1961ರದ್ದು. ಆದರೆ ಕಾಯಿದೆ ಇದ್ದಮಾತ್ರಕ್ಕೆ ಸ್ಥಾನಗಳು ಹುಟ್ಟುವುದಿಲ್ಲ. ಜರ್ಮನಿಯಲ್ಲಿ ವಾಣಿಜ್ಯ ಮತ್ತು ಕುಶಲಕರ್ಮಿಗಳ ಸಂಘಗಳು ತರಬೇತಿಯ ಗುಣಮಟ್ಟ ನೋಡುತ್ತವೆ, ಪರೀಕ್ಷೆ ನಡೆಸುತ್ತವೆ. ಅಂಥ ಸಂಘಗಳು ಬಲವಾಗಿಲ್ಲದ ಕಡೆ ಆ ಕೆಲಸ ಕಾಲೇಜಿನ ಹೆಗಲಿಗೇ ಬರುತ್ತದೆ. ಹತ್ತು ಉದ್ಯಮಗಳನ್ನು ಹುಡುಕಿ ಸಹಿ ಹಾಕಿಸುವುದಕ್ಕಿಂತ, ಆರು ತಿಂಗಳ ನಂತರವೂ ಹುಡುಗ ಅಲ್ಲಿ ಯಂತ್ರದ ಮುಂದೆ ಇದ್ದಾನೋ, ಚಹಾ ತರುತ್ತ ಗೋದಾಮು ಗುಡಿಸುತ್ತ ಇದ್ದಾನೋ ಎಂದು ಹೋಗಿ ನೋಡುವುದು ಕಷ್ಟದ ಕೆಲಸ. ನೋಡುವ ಅಧ್ಯಾಪಕರಿಗೆ ಆ ಗಂಟೆಗಳನ್ನು ಪಾಠದ ಹೊರೆಯಲ್ಲಿ ಲೆಕ್ಕಕ್ಕೆ ಹಿಡಿಯದಿದ್ದರೆ ಯಾರೂ ನೋಡುವುದಿಲ್ಲ.

ಅವಧಿ ಕಡಿಮೆಯಾದರೆ ಖರ್ಚೂ ಕಡಿಮೆ ಎಂಬುದನ್ನು ಬಹಳ ಕಾಲೇಜುಗಳು ಮರೆಯುತ್ತವೆ. ಹತ್ತು ವರ್ಷ ಮನೆಗಳಿಗೆ ವೈರಿಂಗ್ ಮಾಡಿದವನನ್ನು ಸ್ವಿಚ್ಚು ಎಂದರೇನು ಎಂಬ ತರಗತಿಯಲ್ಲಿ ಕೂರಿಸುವುದು ಅವನ ಕೂಲಿಯನ್ನು ಪೋಲುಮಾಡಿದಂತೆ. ಫ್ರಾನ್ಸ್ 2002ರ ಕಾನೂನಿನ ಮೂಲಕ ಕೆಲಸದ ಅನುಭವವನ್ನೇ ಪರೀಕ್ಷಿಸಿ ಪ್ರಮಾಣಪತ್ರ, ಪದವಿಗಳನ್ನು ಕೊಡುವ ಹಕ್ಕನ್ನು ದುಡಿಯುವವರಿಗೆ ನೀಡಿತು. ನಿಮ್ಮ ಮಟ್ಟದಲ್ಲಿ, ಮಾನ್ಯತೆ ಕೊಡುವ ಮಂಡಳಿಯ ನಿಯಮ ಒಪ್ಪುವಷ್ಟರ ಮಟ್ಟಿಗೆ, ಪ್ರವೇಶದ ವಾರದಲ್ಲೇ ಒಂದು ಪ್ರಾಯೋಗಿಕ ಪರೀಕ್ಷೆ ಮಾಡಿ ಕೆಲವು ಘಟಕಗಳಿಂದ ವಿನಾಯಿತಿ ಕೊಡಬಹುದು. ದುಡಿಯುವವರು ನಿಮ್ಮ ಬಳಿ ಬರಬೇಕೆಂದಿದ್ದರೆ, ನಿಮಗೆ ಗೊತ್ತಿರುವುದಕ್ಕೂ ಲೆಕ್ಕವಿದೆ ಎಂಬ ಮಾತು ಶುಲ್ಕ ವಿನಾಯಿತಿಗಿಂತ ಹೆಚ್ಚು ಎಳೆಯುತ್ತದೆ.

ಪದವಿಗೆ ಮುಂದುವರಿಯುವ ನಿಮ್ಮ ಆಸೆಯ ವಿಷಯದಲ್ಲಿ, ಸದಾಶಯದ ಒಡಂಬಡಿಕೆಗಳನ್ನು ನಂಬಬೇಡಿ. ಅಮೆರಿಕದ ಸರ್ಕಾರಿ ಲೆಕ್ಕ ತಪಾಸಣಾ ಕಚೇರಿ 2017ರಲ್ಲಿ ಕೊಟ್ಟ ವರದಿಯ ಪ್ರಕಾರ, ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಹೋದ ವಿದ್ಯಾರ್ಥಿಗಳು ಮುಗಿಸಿದ ಓದಿಗೆ ಅಳತೆಯಾಗಿ ಸಿಕ್ಕಿದ್ದ ಕ್ರೆಡಿಟ್‌ಗಳಲ್ಲಿ ಸರಾಸರಿ ಶೇ. 43ರಷ್ಟನ್ನು ಕಳೆದುಕೊಂಡಿದ್ದರು. ಅಗ್ಗದ ಕಾಲೇಜಿನಲ್ಲಿ ಎರಡು ವರ್ಷ ಉಳಿಸಿದ್ದನ್ನು ದೊಡ್ಡ ಕಾಲೇಜಿನಲ್ಲಿ ಒಂದು ವರ್ಷ ಹೆಚ್ಚು ಓದಿ ಕಳೆದರೆ ಏನು ಬಂತು? ಭಾರತದಲ್ಲಿ 2021ರಲ್ಲಿ ಬಂದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಕ್ರೆಡಿಟ್‌ಗಳನ್ನು ಜಮೆ ಮಾಡಿಡಲು ಅನುಕೂಲ ಮಾಡಿದೆ. ಆದರೆ ಜಮೆಯಾದ ಕ್ರೆಡಿಟ್ಟನ್ನು ಸೇರುವ ಕಾಲೇಜು ಯಾವ ವಿಷಯದ ಬದಲಿಗೆ ಒಪ್ಪುತ್ತದೆ ಎಂಬುದೇ ನಿಜವಾದ ಪ್ರಶ್ನೆ. ಒಪ್ಪಂದದಲ್ಲಿ ವಿಷಯದ ಎದುರು ವಿಷಯ ಬರೆದಿರಬೇಕು: ನಮ್ಮ ಈ ಪತ್ರಿಕೆ ನಿಮ್ಮ ಆ ಪತ್ರಿಕೆಗೆ ಸಮ, ಇಷ್ಟು ಅಂಕ ಇದ್ದರೆ ಸಾಕು, ಇಂಥ ವರ್ಷದವರೆಗೆ ಮಾನ್ಯ. ಸ್ವಿಟ್ಜರ್ಲೆಂಡಿನಲ್ಲಿ ವೃತ್ತಿ ತರಬೇತಿ ಪಡೆದವರಿಗೆ ಪ್ರತ್ಯೇಕವಾದ ಒಂದು ವೃತ್ತಿ ಪ್ರೌಢ ಪ್ರಮಾಣಪತ್ರವಿದ್ದು, ಅದನ್ನು ಪಡೆದವರಿಗೆ ಅನ್ವಯಿಕ ವಿಜ್ಞಾನಗಳ ವಿಶ್ವವಿದ್ಯಾಲಯಗಳಲ್ಲಿ ತಮ್ಮ ಕ್ಷೇತ್ರದ ಓದಿಗೆ ನೇರ ಪ್ರವೇಶವಿದೆ. ಹಾಗಾಗಿ ಅಲ್ಲಿ ಕೈಕೆಲಸ ಕಲಿಯಲು ಹೋದವನ ಮುಂದಿನ ಓದಿನ ಬಾಗಿಲು ಮುಚ್ಚಿತು ಎಂದು ಯಾರೂ ಭಾವಿಸುವುದಿಲ್ಲ. ಅಷ್ಟು ದೊಡ್ಡ ವ್ಯವಸ್ಥೆ ನಿಮ್ಮ ಕೈಯಲ್ಲಿಲ್ಲ. ಒಂದೋ ಎರಡೋ ಕಾಲೇಜುಗಳ ಜೊತೆ ವಿಷಯವಾರು ಒಪ್ಪಂದ ಖಂಡಿತ ನಿಮ್ಮ ಕೈಯಲ್ಲಿದೆ.

ಸಾಲದ ಬಗ್ಗೆ ನೀವು ಕೇಳಿಲ್ಲ, ಆದರೆ ಮಂಡಳಿಯಲ್ಲಿ ಯಾರಾದರೂ ಶಿಕ್ಷಣ ಸಾಲದ ಏರ್ಪಾಡು ಮಾಡೋಣ ಎನ್ನುವುದು ಖಂಡಿತ, ಆದ್ದರಿಂದ ಒಂದು ಮಾತು. ಆಸ್ಟ್ರೇಲಿಯಾ 1989ರಿಂದ ಉನ್ನತ ಶಿಕ್ಷಣಕ್ಕೆ, ಆದಾಯ ಒಂದು ಮಟ್ಟ ಮುಟ್ಟಿದ ಮೇಲಷ್ಟೇ ತೀರಿಸುವ ಸಾಲದ ಪದ್ಧತಿ ನಡೆಸಿದೆ, ಅದಕ್ಕೆ ಒಳ್ಳೆಯ ಹೆಸರಿದೆ. ಅದನ್ನೇ ವೃತ್ತಿ ಶಿಕ್ಷಣಕ್ಕೆ ವಿಸ್ತರಿಸಿ 2012ರಲ್ಲಿ ಷರತ್ತು ಸಡಿಲಿಸಿದಾಗ, ಕಮಿಷನ್ ಏಜೆಂಟರು ಮನೆಮನೆಗೆ ಹೋಗಿ, ಓದುವ ಉದ್ದೇಶವೇ ಇಲ್ಲದವರನ್ನೂ ದುಬಾರಿ ಡಿಪ್ಲೊಮಾಗಳಿಗೆ ಸೇರಿಸಿದರು. ಮುಗಿಸಿದವರು ಕಡಿಮೆ, ಸಾಲ ಉಳಿದವರು ಬಹಳ. 2016ರ ಕೊನೆಗೆ ಆ ಯೋಜನೆಯನ್ನೇ ಮುಚ್ಚಿ, ಮರುವರ್ಷ ಬಿಗಿಯಾದ ಇನ್ನೊಂದನ್ನು ತರಬೇಕಾಯಿತು. ಮುಗಿಸುವವರ ಪ್ರಮಾಣ ಹೆಚ್ಚದೆ ಸಾಲದ ಬಾಗಿಲು ತೆರೆಯುವುದು, ಅರ್ಧಕ್ಕೆ ಬಿಟ್ಟವನ ತಲೆಯ ಮೇಲೆ ಕಂತನ್ನೂ ಹೊರಿಸಿದಂತೆ.

ಹಾಗಾದರೆ ಸೀಮಿತ ಹಣದಲ್ಲಿ ಯಾವುದು ಮೊದಲು? ಶುಲ್ಕವನ್ನು ಸದ್ಯಕ್ಕೆ ಇದ್ದಲ್ಲೇ ಬಿಡಿ, ಮತ್ತಷ್ಟು ಇಳಿಸಬೇಡಿ. ಇಳಿಸಲು ಮೀಸಲಿಟ್ಟಿದ್ದ ಹಣವನ್ನು ತುರ್ತು ನಿಧಿಗೂ, ಉಪಕರಣದ ಕಪಾಟಿಗೂ, ಒಬ್ಬ ಪೂರ್ಣಾವಧಿ ಸಲಹೆಗಾರರಿಗೂ ಹಾಕಿ. ವೇಳಾಪಟ್ಟಿ, ಒಂದು ಪುಟದ ಖರ್ಚಿನ ಪಟ್ಟಿ, ಸಂಜೆಯ ಕಚೇರಿ ಇವು ಹಣ ಕೇಳುವುದಿಲ್ಲ, ಸಿಬ್ಬಂದಿಯೊಂದಿಗೆ ತಾಳ್ಮೆಯ ಮಾತುಕತೆ ಕೇಳುತ್ತವೆ. ಅದು ಹಣಕ್ಕಿಂತ ಕಷ್ಟ ಎಂಬುದನ್ನು ಬಲ್ಲೆ. ಪೂರ್ತಿ ಉಚಿತದ ಪ್ರಶ್ನೆಯನ್ನು ಎರಡು ವರ್ಷ ಬಿಟ್ಟು, ತಲಾ ಉತ್ತೀರ್ಣ ವೆಚ್ಚದ ಅಂಕಣದಲ್ಲಿ ಎರಡು ವರ್ಷದ ಅಂಕಿ ಕೂತ ಮೇಲೆ ಮತ್ತೆ ಎತ್ತಿಕೊಳ್ಳಿ.

ಮುಂದಿನ ಸಭೆಗೆ ಮುನ್ನ ಕಚೇರಿಯಿಂದ ಒಂದೇ ಒಂದು ಪಟ್ಟಿ ತರಿಸಿ: ಕಳೆದ ಮೂರು ವರ್ಷಗಳಲ್ಲಿ ಬಿಟ್ಟುಹೋದ ಪ್ರತಿಯೊಬ್ಬರ ಹೆಸರು, ಬಿಟ್ಟ ವಾರ, ಆಗ ಇದ್ದ ಬಾಕಿ, ಮುಗಿಸಲು ಉಳಿದಿದ್ದ ವಿಷಯಗಳ ಸಂಖ್ಯೆ. ಒಂದು ಅಥವಾ ಎರಡೇ ವಿಷಯ ಉಳಿಸಿಕೊಂಡು ಹೋದವರು, ಚಿಲ್ಲರೆ ಬಾಕಿಗಾಗಿ ಅಂಕಪಟ್ಟಿ ನಿಮ್ಮ ಕಪಾಟಿನಲ್ಲೇ ಉಳಿದವರು ಅದರಲ್ಲಿ ಇದ್ದೇ ಇರುತ್ತಾರೆ. ಬಾಕಿಯನ್ನು ಮನ್ನಾ ಮಾಡಿ, ಅಂಕಪಟ್ಟಿಯನ್ನು ಕೊಟ್ಟು, ಮುಂದಿನ ಪರೀಕ್ಷೆಯ ಶುಲ್ಕ ಕಾಲೇಜೇ ಕಟ್ಟುತ್ತದೆ ಎಂದು ಅವರಿಗೆ ಫೋನ್ ಮಾಡಿಸಿ. ಪತ್ರ ಬೇಡ, ಫೋನೇ ಆಗಲಿ, ಅದೂ ಅವರಿಗೆ ಪಾಠ ಮಾಡಿದವರಿಂದ.